ಚಂದಾದ ಸಂಜೆ

ಬಟ್ಟೆಯ ಒಂದು ತುದಿ ಪಕ್ಕದ ಮನೆಯವನ ಕೈಯಲ್ಲಿ, ಇನ್ನೊಂದು ತುದಿ ದೊಡ್ಡಕ್ಕನ ಕೈಯಲ್ಲಿ. ಇಬ್ಬರೂ ಅದನ್ನು ನಡುವಿಗೆ ಮಡಿಸಲು ಹತ್ತಿರ ಹತ್ತಿರ ಬರುತ್ತಿದ್ದಾಗ ಬೋರ್ಡಣ್ಣ ಬಾಗಿಲಲ್ಲಿ ನಿಂತು ಹೇಳಿದ, "ಮಡಿಸಬೇಡಿ. ಬಣ್ಣ ಅಂಟ್ಕೊಳ್ಳತ್ತೆ."

ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

"ವ್ಯಾನು ಬಂದು ನಿಂತಿದೆ. ಅವಳನ್ನ ಎಲ್ಲಿ ಮಲಗಿಸೋದು?" ಎಂದಳು ದೊಡ್ಡಕ್ಕ. ಸತ್ತವಳ ಅಕ್ಕ ಅವಳು; ಬೋರ್ಡಣ್ಣ ಸತ್ತವಳ ಗಂಡ. "ಸತ್ತೋಳಿಗೆ ಜಾಗ ಇಲ್ಲ, ಸಮುದ್ರಕ್ಕೆ ಜಾಗ ಇದೆ ಈ ಮನೇಲಿ."

ಆ ಮನೆಯ ಹಾಲ್ ಮೊದಲೇ ಚಿಕ್ಕದು. ಶಾಲೆಯ ಕಾರ್ಯಕ್ರಮದ ಬ್ಯಾನರನ್ನು ನೆಲದ ಮೇಲೆ ಹಾಸಿಬಿಟ್ಟರೆ ಗೋಡೆಗೆ ಬೆನ್ನು ಉಜ್ಜಿಕೊಂಡೇ ಅಡುಗೆಮನೆಗೆ ಹೋಗಬೇಕು. ಪ್ರತಿ ವರ್ಷ ಈ ಹೊತ್ತಿಗೆ ವಾರವಿಡೀ ಹಾಗೆ ಹೋಗುವುದು ಗಂಡ ಹೆಂಡತಿಗೆ ರೂಢಿಯಾಗಿತ್ತು. ಬಟ್ಟೆಯ ಕೆಳಗಿನ ಅರ್ಧಕ್ಕೆ ಬೋರ್ಡಣ್ಣ ದಪ್ಪಗೆ ನೀಲಿ ಹೊಡೆದಿದ್ದ. ಅದು ಬೇಗ ಒಣಗುವ ನೀಲಿಯಲ್ಲ.

ಕೊನೆಗೆ ಬಟ್ಟೆಯನ್ನು ಮಡಿಸದೆ, ಮಗುವನ್ನು ಎತ್ತಿಕೊಂಡ ಹಾಗೆ ನಾಲ್ಕು ಮೂಲೆ ಹಿಡಿದು ಹೊರಗೆ ತಂದು ಅಂಗಳದ ತಂತಿಯ ಮೇಲೆ ಕ್ಲಿಪ್ಪು ಹಾಕಿ ತೂಗುಬಿಟ್ಟರು. ಆಮೇಲೆ ಅವಳನ್ನು ಒಳಗೆ ತಂದರು.

ಹೀಗಾಗಿ ಆ ದಿನ ಮಣ್ಣಿಗೆ ಬಂದವರೆಲ್ಲ ಮೊದಲು ಬ್ಯಾನರು ಓದಿ, ಆಮೇಲೆ ಅಳಬೇಕಾಯಿತು. 'ಚಂದ ದ ಸಂಜೆ' ಎಂದು ಹಳದಿ ಅಕ್ಷರದಲ್ಲಿತ್ತು. ಮೊದಲ 'ದ'ಕ್ಕೆ ತಲೆಕಟ್ಟೂ ಇಲ್ಲ, ದೀರ್ಘವೂ ಇಲ್ಲ. ಅದರ ಪಕ್ಕ ಹಲ್ಲು ಬಿದ್ದ ಹಾಗೆ ಖಾಲಿ ಜಾಗ. ಕೆಳಗೆ, ಏಳನೇ ತರಗತಿ ಮಕ್ಕಳ ಕಡಲ ಪ್ರವಾಸದ ಸಹಾಯಾರ್ಥ. ಕಾರ್ಯಕ್ರಮ ನಾಳೆ ಸಂಜೆ, ಶಾಲೆಯ ಹಾಲಿನಲ್ಲಿ.

"ಆ ದೀರ್ಘ ಒಂದು ಬಾಕಿ ಇತ್ತು," ಎಂದು ಬೋರ್ಡಣ್ಣ ಯಾರೂ ಕೇಳದಿದ್ದರೂ ಹೇಳಿದ.

ದೊಡ್ಡಕ್ಕ ತಂಗಿಯ ಕಾಲಿನ ಮೇಲೆ ಬಿಳಿ ಬಟ್ಟೆ ಸರಿಮಾಡುತ್ತಿದ್ದಳು. ತಿರುಗಿ ನೋಡಲಿಲ್ಲ. "ಊರಿಗೆಲ್ಲ ಕಾಣೋ ಹಾಗೆ ದೀರ್ಘ ಕೊಟ್ಟೆ ಇವಳಿಗೆ. ಆಯುಸ್ಸು ಕೊಡೋಕೆ ಆಗಲಿಲ್ಲ."

*

ಬಹಳ ಹಿಂದೆ, ಬಸ್ ನಿಲ್ದಾಣದ ಪಕ್ಕದ ಅವನ ಅಂಗಡಿಗೆ ಒಬ್ಬಳು ಹೊಸ ಟೀಚರು ಬಂದಿದ್ದಳು. ಮಕ್ಕಳನ್ನು ಸಮುದ್ರ ನೋಡಲು ಕರೆದುಕೊಂಡು ಹೋಗಬೇಕು, ಅದಕ್ಕೆ ಹಾಡು, ನಾಟಕ, ಮಿಮಿಕ್ರಿ, ಹುರಿದ ಕಡಲೆಕಾಯಿ ಮಾರಾಟ ಎಲ್ಲ ಇಟ್ಟು ಒಂದು ಸಂಜೆ ಮಾಡುತ್ತಿದ್ದೇವೆ, 'ಚಂದದ ಸಂಜೆ' ಅಂತ ಬ್ಯಾನರು ಬೇಕು ಎಂದಿದ್ದಳು. ಮಾತು ಜಾಸ್ತಿ, ಉಸಿರು ಕಮ್ಮಿ. ಕೈಯ ಸೀಮೆಸುಣ್ಣದ ಪುಡಿ ಅವನ ಕೌಂಟರಿನ ಮೇಲೆ ಐದು ಬೆರಳಾಗಿ ಉಳಿದಿತ್ತು.

ಬ್ಯಾನರು ಒಯ್ಯಲು ಬಂದ ದಿನ ಅವಳು ಅದನ್ನು ಎರಡೆರಡು ಸಲ ಓದಿದಳು.

"ಏನ್ರೀ ಇದು?"

"ಬ್ಯಾನರು."

"ಚಂದದ ಸಂಜೆ ಅಂತ ಹೇಳಿದ್ದೆ."

"ಅದೇ ಬರೆದಿದ್ದೀನಲ್ಲ."

"ಚಂದಾದ ಸಂಜೆ ಅಂತ ಬರೆದಿದ್ದೀರ. ವಸೂಲಿಗೆ ಹೊರಟ ಹಾಗಿದೆ. ಆ ದೀರ್ಘ ಯಾರು ಕೇಳಿದ್ರು ನಿಮ್ಮನ್ನ?"

ಅವನು ಬ್ಯಾನರನ್ನು ನೋಡಿದ. ದೀರ್ಘ ಇತ್ತು. ಒಳ್ಳೆಯ ದೀರ್ಘವೇ, ಕೊಡೆಯ ಹಿಡಿಯಂಥದ್ದು. "ನೀವು ಬಂದಾಗಿನಿಂದ ದುಡ್ಡು ಎತ್ತಬೇಕು, ದುಡ್ಡು ಎತ್ತಬೇಕು ಅಂತಿದ್ರಿ. ಕಿವಿ ಕೇಳಿದ್ದನ್ನ ಕೈ ಬರೀತು."

"ಜನ ನಗ್ತಾರೆ."

"ನಕ್ಕೋರು ಒಳಗೆ ಬರ್ತಾರೆ. ಬೇಕಾದ್ರೆ ದೀರ್ಘಕ್ಕೆ ದುಡ್ಡು ಕೊಡಬೇಡಿ. ಅದು ನಮ್ಮ ಅಂಗಡಿ ಕಡೆಯಿಂದ ಚಂದಾ."

ನಕ್ಕವರು ಒಳಗೆ ಬಂದರು. ಬಾಗಿಲಲ್ಲೇ 'ಚಂದಾ ಎಲ್ಲಿ ಕೊಡೋದು?' ಎಂದು ಕೇಳುತ್ತ ಬಂದರು. ಮೈಕು ಹಿಡಿದಿದ್ದ ಪೀಟಿ ಮೇಷ್ಟ್ರು ಅವಳನ್ನು ವೇದಿಕೆಗೆ 'ನಮ್ಮ ಚಂದಾ ಟೀಚರ್' ಎಂದು ಕರೆದುಬಿಟ್ಟರು. ಅಲ್ಲಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಆ ವರ್ಷದ ಮಕ್ಕಳು ಸಮುದ್ರ ನೋಡಿ ಬಂದರು. ಮರುವರ್ಷ ಅವಳೇ ಅಂಗಡಿಗೆ ಬಂದು, "ಆ ತಪ್ಪು ಹಾಗೇ ಇರ್ಲಿ," ಎಂದಳು. ಅದರ ಮರುವರ್ಷದ ಹೊತ್ತಿಗೆ ಅಂಗಡಿಗೆ ಬರಬೇಕಾದ ಅಗತ್ಯ ಇರಲಿಲ್ಲ. ಬ್ಯಾನರು ಅವಳ ಮನೆಯ ಹಾಲಿನಲ್ಲೇ ತಯಾರಾಯಿತು. ತಂಗಿ ಬೋರ್ಡು ಬರೆಯುವವನನ್ನು ಮದುವೆಯಾಗಿದ್ದಕ್ಕೆ ದೊಡ್ಡಕ್ಕ ಮಾತ್ರ ಇಂದಿಗೂ ಅವನನ್ನು ಬಹುವಚನದಲ್ಲಿ ಕರೆದಿಲ್ಲ.

ಅಂದಿನಿಂದ ಒಂದು ಪದ್ಧತಿ. ಅವನು ಬ್ಯಾನರು ಪೂರ್ತಿ ಬರೆದು ಆ ದೀರ್ಘವನ್ನು ಮಾತ್ರ ಬಿಡುತ್ತಿದ್ದ. ಅವಳು ಶಾಲೆಯಿಂದ ಬಂದು ಚೀಲ ಇಟ್ಟು ಎದುರಿಗೆ ನಿಲ್ಲಬೇಕು. ಅವನು ಕುಂಚ ಅದ್ದಿ, "ಎಳೀಲಾ?" ಎನ್ನಬೇಕು. ಅವಳು, "ಎಳೀರಿ," ಎನ್ನಬೇಕು.

ನಿನ್ನೆ ಮಧ್ಯಾಹ್ನ ಅವನು ಹಳದಿ ಕಲಸಿಟ್ಟು ಕಾದಿದ್ದ.

*

ಹೆಡ್‌ಮೇಡಂ ಬಂದವರು ಮಂಚದ ಬಳಿ ನಿಂತು ಕಣ್ಣೊರೆಸಿಕೊಂಡು, ಆಮೇಲೆ ಬೋರ್ಡಣ್ಣನನ್ನು ಅಂಗಳದ ಮೂಲೆಗೆ ಕರೆದರು. ಅವರಿಗೆ ಕಷ್ಟದ ಮಾತನ್ನು ಸುತ್ತೋಲೆಯ ಭಾಷೆಯಲ್ಲಿ ಆಡುವ ಅಭ್ಯಾಸ.

"ನಾಳಿನ ಕಾರ್ಯಕ್ರಮದ ವಿಷಯ. ತಾವು ಬೇಡ ಅಂದ್ರೆ ಖಂಡಿತ ನಿಲ್ಲಿಸ್ತೀವಿ. ಮನೆಯವರ ಮನಸ್ಸು ಮುಖ್ಯ."

ಅವನು ತಂತಿಯ ಮೇಲೆ ಜಾರಿದ್ದ ಕ್ಲಿಪ್ಪೊಂದನ್ನು ಸರಿಮಾಡಿದ.

"ಆದ್ರೆ ಒಂದು ಮಾತು. ನಾಳೆ ಸಂಜೆ ಇಲ್ಲ ಅಂದ್ರೆ ಪ್ರವಾಸದ ಬಸ್ಸಿಗೆ ಬಾಡಿಗೆ ಇಲ್ಲ. ಬಸ್ಸು ಬೇರೆಯೋರಿಗೆ ಹೋಗತ್ತೆ. ಈ ಮಕ್ಕಳಿಗೆ ನಮ್ಮ ಶಾಲೇಲಿ ಇದೇ ಕೊನೇ ವರ್ಷ. ಆಮೇಲೆ ದಿಕ್ಕಿಗೊಬ್ರು."

"ಬೇಡ," ಎಂದ ಬೋರ್ಡಣ್ಣ.

"ಸ್ವಲ್ಪ ಯೋಚನೆ ಮಾಡಿ..."

"ಮೇಡಂ, ಪ್ರತಿ ವರ್ಷ ಎರಡು ತಿಂಗಳು ಇವಳು ನನ್ನ ಹೆಂಡತಿ ಆಗಿರಲಿಲ್ಲ. ನಿಮ್ಮ ಚಂದಾ ಟೀಚರ್ ಆಗಿದ್ಲು. ಊಟಕ್ಕೆ ಕೂತ್ರೆ ರ‍್ಯಾಫಲ್ ಚೀಟಿ, ಮಲಗಿದ್ರೆ ಮ್ಯಾಜಿಕ್ ಶೋ. ಎಲ್ಲರ ಮಕ್ಕಳೂ ಹೋಗಿ ನೋಡಿಬಂದಾಯ್ತು. ಇನ್ನು ಸಾಕು. ಈ ಸಲ ಸಮುದ್ರ ಅದರ ಪಾಡಿಗೆ ಅದು ಇರ್ಲಿ."

ಹೆಡ್‌ಮೇಡಂ ತಲೆ ತಗ್ಗಿಸಿದರು. "ಆಗಲಿ. ಮಕ್ಕಳಿಗೆ ನಾನೇ ಹೇಳ್ತೀನಿ."

ಬೋರ್ಡಣ್ಣ ಅಡುಗೆಮನೆಗೆ ಹೋದ. ಬಂದವರಿಗೆ ನೀರು ಕೊಡಬೇಕು ಎನ್ನುವುದೊಂದು ನೆಪ ಸಿಕ್ಕಿತ್ತು. ಅವಳು ಇಟ್ಟಲ್ಲೇ ಲೋಟಗಳಿದ್ದವು. ಶೆಲ್ಫಿನ ಕೆಳಗೆ ಕಡಲೆಕಾಯಿಯ ಮೂಟೆ ಇತ್ತು, ನಾಳೆಗೆ. ಬಾಯಿ ಬಿಗಿದ ದಾರದಲ್ಲಿ ಅವಳ ಗಂಟು. ಅವಳು ಹಾಕಿದ ಗಂಟು ಬಿಚ್ಚಲು ಬರುತ್ತಿದ್ದುದು ಅವಳೊಬ್ಬಳಿಗೇ.

*

"ನೀವೂ ಬನ್ನಿ ಈ ಸಲ," ಎಂದು ಅವಳು ಪ್ರತಿ ವರ್ಷ ಕೇಳುತ್ತಿದ್ದಳು. ಕೇಳುತ್ತಲೇ ಕಡಲೆಕಾಯಿಯ ಪೊಟ್ಟಣ ಕಟ್ಟುತ್ತಿದ್ದಳು.

"ಕಡಲೆ ಮಾರಿ ಕಡಲು ನೋಡೋ ಜನ ನೀವು. ನನಗೆಲ್ಲಿ ಪುರುಸೊತ್ತು?"

"ಡ್ರೈವರ್ ಹಿಂದಿನ ಸೀಟು ಖಾಲಿ ಇರತ್ತೆ."

"ಯಾವುದೋ ಮಗು ಕೂರೋ ಸೀಟಲ್ಲಿ ನಾನು ಕೂರಲ್ಲ."

ಸೀಟು ನೆಪ. ನಿಜ ಬೇರೆ. ಅವನು ಸಮುದ್ರವನ್ನು ಕಲಿತದ್ದು ಒಂದು ಹಳೆಯ ಕ್ಯಾಲೆಂಡರಿನಿಂದ. ಅದನ್ನೇ ವರ್ಷವರ್ಷವೂ ಬರೆದ. ಹೋಗಿ ಬಂದ ಮಕ್ಕಳು ದಾರಿಯಲ್ಲಿ ಸಿಕ್ಕಾಗ ಹೇಳುತ್ತಿದ್ದರು: ಬೋರ್ಡಣ್ಣ, ಅದು ಅಷ್ಟು ನೀಲಿ ಇಲ್ಲ. ಬೋರ್ಡಣ್ಣ, ಅಲೆ ಮೀನಿನ ಹುರುಪೆ ಥರ ಇರಲ್ಲ. ಅವನು ನಗುತ್ತಿದ್ದ. ಮನೆಗೆ ಬಂದು ಹೆಂಡತಿಯನ್ನು ಕೇಳುತ್ತಿದ್ದ, "ಹಾಗಾದ್ರೆ ಹೇಗಿರತ್ತೆ?"

"ಬಂದು ನೋಡಿ."

"ನೀನು ಹೇಳಬಾರದಾ?"

"ನನಗೂ ಪೂರ್ತಿ ಗೊತ್ತಿಲ್ಲ."

ಅಷ್ಟು ಸಲ ಹೋದವಳು ಹಾಗಂದರೆ ಅದು ಅವನನ್ನು ಕೆಣಕಲು ಆಡಿದ ಮಾತೇ ಇರಬೇಕು. "ನೋಡಿಬಿಟ್ರೆ ನನಗೆ ಬರೆಯೋಕೆ ಬರಲ್ಲ ಕಣೇ," ಎಂದು ಒಮ್ಮೆ ಮಾತ್ರ ಹೇಳಿದ್ದ. ಅವಳು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದ್ದಳು. ನಗಲಿಲ್ಲ. "ಸರಿ. ಬರೆದು ಸಾಕಾದಾಗ ಹೇಳಿ. ಕಾಯ್ತೀನಿ," ಎಂದಿದ್ದಳು.

*

ಅಂಗಳದಲ್ಲಿ ಕುರ್ಚಿಗಳ ಸಾಲು. ಶಾಲೆಯವರು ಒಂದೆಡೆ ಕೂತಿದ್ದರು. ಸಾವಿನ ಮನೆಯಲ್ಲಿ ಬಹಳ ಹೊತ್ತು ಕೂತವರಿಗೆ ಒಂದು ಹಂತದಲ್ಲಿ ನಗು ಬರುತ್ತದೆ. ಅದನ್ನು ಯಾರು ಶುರುಮಾಡಿದರು ಎಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಇಲ್ಲಿ ಪೀಟಿ ಮೇಷ್ಟ್ರು ಇದ್ದುದರಿಂದ ಆ ಅನುಮಾನ ಇರಲಿಲ್ಲ.

ಅವರ ಗಂಟಲಲ್ಲಿ ಇಡೀ ಶಾಲೆ ಇತ್ತು. ಮೊದಲು ಬಸ್ಸಿನ ಡ್ರೈವರು ಬಂದ: "ಟೀಚರೇ, ಹಿಂದೆ ವಾಂತಿ." ಆಮೇಲೆ ಸ್ವತಃ ಹೆಡ್‌ಮೇಡಂ ಬಂದರು: "ಈ ಮೂಲಕ ತಿಳಿಯಪಡಿಸುವುದೇನೆಂದರೆ, ವಾಂತಿಯನ್ನು ಪೂರ್ವಾನುಮತಿ ಪಡೆದು ಮಾಡತಕ್ಕದ್ದು." ಅಲ್ಲೇ ಕೂತಿದ್ದ ಹೆಡ್‌ಮೇಡಂ ಕೂಡ ಕರವಸ್ತ್ರದೊಳಗೆ ನಕ್ಕರು. ದೊಡ್ಡಕ್ಕ, "ಇವಳು ನನ್ನ ಮಗಳ ಮದುವೆಗೂ ಡಬ್ಬಿ ಹಿಡ್ಕೊಂಡು ಬಂದಿದ್ಲು. ಗಂಡಿನ ಕಡೆಯೋರ ಹತ್ರ ವಸೂಲಿ ಮಾಡಿದ್ಲು," ಎಂದಳು. ನಗು ಇನ್ನೊಂದು ಸುತ್ತು ಬಂತು.

"ಬಸ್ಸಲ್ಲಿ, ಆ ತಿರುವಲ್ಲಿ ಚಂದಾ ಟೀಚರ್ ಏನೋ ಹೇಳೋರಲ್ಲ," ಎಂದು ಯಾರೋ ನೆನಪಿಸಿದರು.

ಪೀಟಿ ಮೇಷ್ಟ್ರು ಯೋಚಿಸಲಿಲ್ಲ. ಅದೇ ತಪ್ಪಾಯಿತು. ಸೀಮೆಸುಣ್ಣ ತಿಂದ, ಮೂಗಿನ ತುದಿಯಲ್ಲಿ ನಿಂತು ಮಾತಾಡುವ ಅವಳ ಧ್ವನಿ ಹಾಗೇ ಹೊರಬಂತು.

"ಎಲ್ಲಾರೂ ಕಣ್ಣು ಮುಚ್ಚಿ. ಗಟ್ಟಿಯಾಗಿ. ಬೆರಳು ಸಂದೀಲಿ ಕದ್ದು ನೋಡಿದೋರ ಪಾಲಿನ ಸಮುದ್ರ ಉಪ್ಪಾಗೋಗತ್ತೆ."

ಯಾರೂ ನಗಲಿಲ್ಲ. ಒಳಗೆ ಮಂಚದ ಸುತ್ತ ಕೂತ ಹೆಂಗಸರು ಒಮ್ಮೆಲೇ ಬಾಗಿಲ ಕಡೆ ತಿರುಗಿದರು. ಅಡುಗೆಮನೆಯಲ್ಲಿ ಲೋಟ ತುಂಬಿ ಚೆಲ್ಲಿ, ನೀರು ನೆಲಕ್ಕೆ ಬೀಳುವ ಸದ್ದು ಕೇಳಿತು.

ಬೋರ್ಡಣ್ಣ ಒದ್ದೆ ಕೈಯಲ್ಲಿ ಹೊರಗೆ ಬಂದ. "ಆಮೇಲೆ?"

"ಕ್ಷಮಿಸಿ ಅಣ್ಣ, ನಾಲಿಗೆ ಹಿಡೀಲಿಲ್ಲ."

"ಅದಿರ್ಲಿ. ಆಮೇಲೆ ಏನನ್ನೋಳು?"

ಪೀಟಿ ಮೇಷ್ಟ್ರು ಈಗ ತಮ್ಮದೇ ಧ್ವನಿಯಲ್ಲಿ ಹೇಳಿದರು. ಅದು ಎಷ್ಟು ಸಣ್ಣ ಧ್ವನಿ ಎಂದು ಅವರ ಸಹೋದ್ಯೋಗಿಗಳಿಗೆ ಆಗಲೇ ಗೊತ್ತಾದದ್ದು. "ಘಾಟಿ ಇಳಿದ ಮೇಲೆ ಒಂದು ತಿರುವು ಇದೆ. ಅಲ್ಲಿ ಸಮುದ್ರ ಒಂದೇ ಸಲ ಪೂರ್ತಿ ಕಾಣತ್ತೆ. ಅದಕ್ಕೆ ಮೊದಲೇ ಮಕ್ಕಳ ಕಣ್ಣು ಮುಚ್ಚಿಸೋರು. ಸರಿಯಾಗಿ ತಿರುವಿಗೆ ಬಂದಾಗ 'ಈಗ ಬಿಡಿ' ಅನ್ನೋರು. ಮಕ್ಕಳು ಕೂಗೋ ಕೂಗಿಗೆ ಡ್ರೈವರ್ರು ಹಾರನ್ ಹೊಡೆಯೋನು."

"ಅವಳು ಕೂಗ್ತಿದ್ಲಾ?"

"ಇಲ್ಲ. ಅವರು ಬಿಡ್ತಾನೇ ಇರಲಿಲ್ಲ."

"ಏನು?"

"ಕಣ್ಣು. ಬೀಚಿಗೆ ಹೋದ್ಮೇಲೆ ಎಲ್ಲ ನೋಡೋರು, ಆಡೋರು. ಆ ತಿರುವಲ್ಲಿ ಮಾತ್ರ ಬಿಡಿ ಅಂತ ಹೇಳಿ ತಾವು ಮುಚ್ಕೊಂಡೇ ಇರೋರು. ನಾನು ಕೇಳಿದ್ದೆ. ಇದೊಂದು ನೋಟ ರಿಸರ್ವ್ ಆಗಿದೆ ಮೇಷ್ಟ್ರೇ, ನಮ್ಮನೆಯವರ ಜೊತೆ ಬಂದಾಗ ಬಿಡ್ತೀನಿ ಅಂದಿದ್ರು." ಅವರು ತಡವರಿಸಿದರು. "ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ವಿ."

ಬೋರ್ಡಣ್ಣ ತಂತಿಯ ಮೇಲಿನ ಬ್ಯಾನರಿನ ಕಡೆ ನೋಡುತ್ತಿದ್ದ. ಗಾಳಿಗೆ ಅವನ ನೀಲಿ ಒಮ್ಮೆ ಉಬ್ಬಿ ತಗ್ಗಿತು.

"ನಿನ್ನೆ ಏನಾಯ್ತು? ಯಾರೂ ನನಗೆ ಸರಿಯಾಗಿ ಹೇಳಿಲ್ಲ," ಎಂದ.

ಹೆಡ್‌ಮೇಡಂ ಬಾಯಿ ತೆರೆಯುವ ಮೊದಲೇ ಕಾಂಪೌಂಡಿನ ಪಕ್ಕ ತಾಯಿಯ ಕೈ ಹಿಡಿದು ನಿಂತಿದ್ದ ಎರಡು ಜಡೆಯ ಹುಡುಗಿ ಹೇಳಿದಳು, "ನಾವು ಪ್ರಾಕ್ಟೀಸ್ ಮಾಡ್ತಿದ್ವಿ."

"ಏನು ಪ್ರಾಕ್ಟೀಸು?"

"ತಿರುವು. ಕ್ಲಾಸಲ್ಲೇ. ಕದ್ದು ನೋಡಬಾರದು ಅಂತ. ಟೀಚರ್ ಕಣ್ಣು ಮುಚ್ಚಿ ಅಂದ್ರು, ಮುಚ್ಚಿದ್ವಿ." ಹುಡುಗಿ ನಿಲ್ಲಿಸಿದಳು. ತಾಯಿ ಅವಳ ಭುಜ ಹಿಡಿದಳು. "ಬಿಡಿ ಅನ್ನಲೇ ಇಲ್ಲ."

"ಬೆಲ್ಲು ಹೊಡೀತು," ಎಂದು ಹೆಡ್‌ಮೇಡಂ ಮೆಲ್ಲಗೆ ಹೇಳಿದರು. ಸುತ್ತೋಲೆಯ ಭಾಷೆ ಎಲ್ಲೋ ಬಿದ್ದುಹೋಗಿತ್ತು. "ಯಾರೂ ಹೊರಗೆ ಬರಲಿಲ್ಲ. ಹೋಗಿ ನೋಡ್ತೀನಿ, ಇಡೀ ಕ್ಲಾಸು ಕಣ್ಣು ಮುಚ್ಕೊಂಡು ಕೂತಿದೆ. ಅವರು ಮೇಜಿನ ಮೇಲೆ ತಲೆ ಇಟ್ಟಿದ್ರು. ಒಂದು ಮಗೂನೂ ಕದ್ದು ನೋಡಿರಲಿಲ್ಲ."

*

ಮಕ್ಕಳು ಶಾಲೆಯ ಬಸ್ಸಿನಲ್ಲೇ ಮಣ್ಣಿಗೆ ಬಂದರು. ಇಳಿದು ಪ್ರಾರ್ಥನೆಗೆ ನಿಲ್ಲುವ ಹಾಗೆ ಎತ್ತರದ ಪ್ರಕಾರ ಸಾಲಾಗಿ ನಿಂತರು. ಹಾಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಗುಂಡಿ ತೋಡಿದ ಕೆಂಪು ಮಣ್ಣು ಅಂಚಿನಲ್ಲಿ ಗುಪ್ಪೆಯಾಗಿತ್ತು. ಬೋರ್ಡಣ್ಣ ಮೊದಲ ಹಿಡಿ ಹಾಕಿದ. ಅಂಗೈಯ ಗೆರೆಗಳಲ್ಲಿ ನೀಲಿ ಉಳಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದರೂ ಹೋಗದ ನೀಲಿ. ದೊಡ್ಡಕ್ಕ ಎರಡನೆಯ ಹಿಡಿ ಹಾಕಿ, "ಎಷ್ಟು ಚಿಕ್ಕವಳು ನನಗಿಂತ," ಎಂದಳು. ಅದು ಯಾರಿಗೂ ಹೇಳಿದ್ದಲ್ಲ. ಆಮೇಲೆ ಸಲಿಕೆಗಳು ಕೆಲಸ ಮಾಡಿದವು.

ಮಣ್ಣು ಸಮವಾದ ಮೇಲೆ ಹೆಡ್‌ಮೇಡಂ ಮುಂದೆ ಬಂದರು.

"ಮಕ್ಕಳೇ, ಒಂದು ನಿಮಿಷ ಕಣ್ಣು ಮುಚ್ಚಿ ಟೀಚರನ್ನ ನೆನೆಸ್ಕೊಳ್ಳಿ."

ಮಕ್ಕಳು ಮುಚ್ಚಿದರು. ದೊಡ್ಡವರೂ ಮುಚ್ಚಿದರು. ದೂರದ ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸಿತು. ದೊಡ್ಡವರು ಒಬ್ಬೊಬ್ಬರಾಗಿ ಕಣ್ಣು ತೆರೆದರು, ಕೈಗಡಿಯಾರ ನೋಡಿಕೊಂಡರು, ಚಪ್ಪಲಿಯ ಮಣ್ಣು ಕೊಡವಿದರು.

"ಸಾಕು ಮಕ್ಕಳೇ," ಎಂದರು ಹೆಡ್‌ಮೇಡಂ.

ಸಾಲು ಅಲುಗಲಿಲ್ಲ.

"ಆಯ್ತು ಮಕ್ಕಳೇ. ಕಣ್ಣು ತೆಗೀರಿ."

ಯಾರೂ ತೆಗೆಯಲಿಲ್ಲ. ಎರಡು ಜಡೆಯ ಹುಡುಗಿಯ ರೆಪ್ಪೆಗಳು ಒತ್ತಿ ಒತ್ತಿ ಸುಕ್ಕುಗಟ್ಟಿದ್ದವು, ಅವುಗಳ ಅಡಿಯಿಂದ ನೀರು ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಹಟವಲ್ಲ ಅದು. ಅವರಿಗೆ ಕಲಿಸಿದ್ದೇ ಹಾಗೆ.

ಹೆಡ್‌ಮೇಡಂ ಪೀಟಿ ಮೇಷ್ಟ್ರ ಕಡೆ ನೋಡಿದರು. ಎಲ್ಲರೂ ನೋಡಿದರು. ಆ ಧ್ವನಿ ಅವರ ಗಂಟಲಲ್ಲಿ ಇತ್ತು. ಎರಡೇ ಶಬ್ದದ ಕೆಲಸ. ಅವರು ಬಾಯಿ ತೆರೆದರು. ಮುಚ್ಚಿದರು. ಕತ್ತಿನಲ್ಲಿದ್ದ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ತಲೆಯಾಡಿಸಿದರು. ಆಗಲ್ಲ.

ಬೋರ್ಡಣ್ಣ ಗುಂಡಿಯ ಆಚೆ ಬದಿಯಲ್ಲಿದ್ದ. ಅವನೂ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದ. ಬೋರ್ಡು ಬರೆಯುವವನಿಗೆ ಮಾತಿನ ಅಭ್ಯಾಸ ಕಡಿಮೆ. ಎರಡು ಸಲ ಗಂಟಲು ಸರಿಮಾಡಿಕೊಂಡ.

"ಈಗ ಬಿಡಿ," ಎಂದ.

ಇಡೀ ಸಾಲು ಒಟ್ಟಿಗೆ ಕಣ್ಣು ಬಿಟ್ಟಿತು. ಯಾರೂ ಕೂಗಲಿಲ್ಲ. ಎದುರಿಗೆ ಇದ್ದದ್ದು ಹೊಸ ಮಣ್ಣು, ಅದರಾಚೆ ನೀಲಿ ಕೈಯ ಒಬ್ಬ ಮುದುಕ. ಹೇಳಿದವನು ಮಾತ್ರ ಕಣ್ಣು ಬಿಟ್ಟಿರಲಿಲ್ಲ.

*

ಅವನು ಮನೆಗೆ ಬಂದವನೇ ಕಾಲು ಕೂಡ ತೊಳೆಯದೆ ಹಳದಿಯ ಡಬ್ಬಿಗಾಗಿ ಹುಡುಕಿದ. ಯಾರೋ ಜಾಗ ಮಾಡಲು ಅದನ್ನು ಮಂಚದ ಕೆಳಗೆ ತಳ್ಳಿದ್ದರು. ಮೇಲೆ ಕೆನೆ ಕಟ್ಟಿತ್ತು. ಕಡ್ಡಿಯಿಂದ ಕೆನೆ ತೆಗೆದು ಕಲಸಿದ.

"ಏನು ಮಾಡ್ತಿದೀಯ?" ಎಂದಳು ದೊಡ್ಡಕ್ಕ.

"ನಾಳೆಗೆ ಬೇಕಲ್ಲ. ಬಟ್ಟೆ ಸ್ವಲ್ಪ ಬಿಗಿಯಾಗಿ ಹಿಡ್ಕೊತೀಯಾ?"

ಅವಳು ಅಂಗಳಕ್ಕೆ ಬಂದು ತಂತಿಯ ಮೇಲಿನ ಬ್ಯಾನರಿನ ಅಂಚನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಳು. ಗೇಟಿನ ಹೊರಗೆ ಹೆಡ್‌ಮೇಡಂ ಮತ್ತು ಪೀಟಿ ಮೇಷ್ಟ್ರು ಹೊರಡಲು ನಿಂತಿದ್ದವರು ಹೊರಡಲಿಲ್ಲ.

ಬೋರ್ಡಣ್ಣ ಕುಂಚ ಅದ್ದಿ, ಡಬ್ಬಿಯ ಅಂಚಿಗೆ ಸವರಿ, ತಲೆಕಟ್ಟಿಲ್ಲದ 'ದ' ಅಕ್ಷರದ ಪಕ್ಕ ತಂದು ನಿಲ್ಲಿಸಿದ.

"ಎಳೀಲಾ?" ಎಂದ.

ದೊಡ್ಡಕ್ಕ ಹಿಂದಕ್ಕೆ ತಿರುಗಿ ನೋಡಿದಳು, ಯಾರನ್ನು ಕೇಳಿದ ಎಂದು. ಹಿಂದೆ ಯಾರೂ ಇರಲಿಲ್ಲ. ಕುಂಚದ ತುದಿಯಲ್ಲಿ ಹನಿ ತೂಗುತ್ತಿತ್ತು. ಅವನು ಕಾಯುತ್ತಿದ್ದ.

"ಎಳಿ," ಎಂದಳು ದೊಡ್ಡಕ್ಕ.

ಅವನ ಕೈ ಕದಲಲಿಲ್ಲ. "ಅವಳು ಹಾಗಂತಿರಲಿಲ್ಲ."

ದೊಡ್ಡಕ್ಕ ಅಂಚನ್ನು ಇನ್ನಷ್ಟು ಬಿಗಿಯಾಗಿ ಎಳೆದಳು. ಬಟ್ಟೆ ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಎಳೀರಿ," ಎಂದಳು.

ಅವನು ಎಳೆದ. 'ದ' ಅಕ್ಷರದ ಭುಜದಿಂದ ಹೊರಟ ದೀರ್ಘ ಕೊಡೆಯ ಹಿಡಿಯ ಹಾಗೆ ಬಾಗಿತು. ಪ್ರತಿ ವರ್ಷ ಅಲ್ಲಿಗೆ ಕುಂಚ ಎತ್ತುತ್ತಿದ್ದ. ಈ ಸಲ ಎತ್ತಲಿಲ್ಲ. ಗೆರೆ ಸಂಜೆಯ ಕೆಳಗೆ ಇಳಿದು, ಇನ್ನೂ ಹಸಿಯಾಗಿದ್ದ ನೀಲಿಯ ಮೇಲಂಚಿಗೆ ಸೇರಿ, ನೀಲಿಯನ್ನು ತನ್ನೊಳಗೆ ಕಲಸಿಕೊಳ್ಳುತ್ತ, ಅವನಿಗೆ ಹೆಸರು ಗೊತ್ತಿಲ್ಲದ ಒಂದು ಬಣ್ಣವಾಗಿ, ದೊಡ್ಡಕ್ಕನ ಕೈಗಳಿದ್ದ ತುದಿಯ ಕಡೆಗೆ ಅಡ್ಡಲಾಗಿ ಹೋಯಿತು.

"ಉದ್ದ ಆಯ್ತು," ಎಂದಳು ದೊಡ್ಡಕ್ಕ ಮೆಲ್ಲಗೆ.

ಕುಂಚ ಒಣಗಿ ಬಟ್ಟೆಯ ಮೇಲೆ ಪರಪರ ಎನ್ನುವವರೆಗೂ ಅವನು ಎಳೆಯುತ್ತಲೇ ಇದ್ದ.